ಸಾಣಿಗಿ ಇಲ್ಲದ ಮಾತು

ದೀಪಾವಳಿ ಮುಗಿದು ಎರಡು ವಾರವಾಗಿರಬೇಕು. ರಾತ್ರಿ ಹತ್ತು ಗಂಟೆಗೆ ಅಮೆರಿಕದಿಂದ ನನ್ನ ತಂಗಿಯ ಮಗಳ ಫೋನು ಬಂತು. ಯೋಗಕ್ಷೇಮ ಕೇಳುವ ಮೊದಲೇ ಅವಳು ಕೂಗಿದಳು: "ದೊಡ್ಡವ್ವಾ, ದೊಡ್ಡಪ್ಪಾರ ಸಕ್ರಿ ಬ್ಯಾನಿ ಪೂರಾ ವಾಸಿ ಆಗ್ಯದಂತಲ್ಲ! ನಮಗ್ಯಾಕ ಹೇಳಿಲ್ಲ?"

ನಾನು ತಿರುಗಿ ನೋಡಿದೆ. ವಾಸಿಯಾದ ಮನುಷ್ಯ ಊಟದ ಮೇಜಿನ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ವಾರದ ಗುಳಿಗೆಗಳನ್ನು ಡಬ್ಬಿಯ ಮನೆಗಳಿಗೆ ಎಣಿಸಿ ಹಾಕುತ್ತಿದ್ದರು. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು.

"ಯಾರು ಹೇಳ್ಯಾರ ನಿನಗ?" ಎಂದೆ.

"ನೀನೇ ಹೇಳೀದಿ. ವಿಡಿಯೋದಾಗ."

ಅವಳು ಮುಂದೆ ಹೇಳಿದ ಮಾತು ಆ ರಾತ್ರಿ ನನ್ನ ನಿದ್ದೆ ತಿಂದಿತು. ಅವಳ ಕೆಳಗಿನ ಮನೆಯಲ್ಲಿ ಒಬ್ಬ ಗುಜರಾತಿ ಹೆಣ್ಣುಮಗಳು ಇದ್ದಾಳೆ. ಮುಪ್ಪಿನ ತಂದೆಯೂ ಜೊತೆಯಲ್ಲಿದ್ದಾರೆ, ಅವರಿಗೂ ಸಕ್ಕರೆ ಕಾಯಿಲೆ. ಆ ವಿಡಿಯೋ ನೋಡಿ ಅವಳು ಹತ್ತು ಪೊಟ್ಟಣ ರೊಟ್ಟಿ ತರಿಸಿದ್ದಾಳೆ. "ಅದರಾಗ ಮಾತಾಡಿದಾಕಿ ನಿನ್ನ ದೊಡ್ಡವ್ವ ಅಂತಲ್ಲ, ನಮ್ಮಪ್ಪ ಗುಳಿಗೆ ನಿಲ್ಲಿಸಬಹುದಾ ಅಂತ ಕೇಳಿ ಹೇಳು" ಅಂದಳಂತೆ.

ನಿಲ್ಲಿಸಬಾರದು, ಒಂದು ದಿನವೂ ನಿಲ್ಲಿಸಬಾರದು ಎಂದು ನಾನು ಫೋನಿನಲ್ಲಿ ಮೂರು ಸಲ ಹೇಳಿದೆ. ಆ ಹೆಣ್ಣುಮಗಳು ಕೇಳುವ ಬುದ್ಧಿ ಮಾಡಿದಳು, ಅವಳಿಗೆ ಕೇಳಲು ಒಂದು ದಾರಿಯೂ ಇತ್ತು. ಕೇಳದವರು ಎಷ್ಟು ಜನ? ಅವರಿಗೆ ನಾನು ಯಾವ ಫೋನು ಮಾಡಲಿ?

ಈ ಲೇಖನ ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಕಮಲಾಪುರದ ಒಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮಾಡುತ್ತಾರೆ. ಮೂರು ವರ್ಷದಿಂದ ನಾನು ಅವರ ಗಿರಾಕಿ. ಒಮ್ಮೆ ಅವರ ಮಾಲನ್ನು ಹೊರದೇಶಕ್ಕೆ ಕಳಿಸುವ ದೊಡ್ಡ ಊರಿನ ಸಂಸ್ಥೆಯೊಂದರಿಂದ ಒಬ್ಬ ಹುಡುಗ ಫೋನು ಮಾಡಿ, "ಆಂಟಿ, ನಿಮ್ಮ ಅನುಭವ ಎರಡು ಮಾತಿನಲ್ಲಿ ಹೇಳಿ, ಮೊಬೈಲಿನಲ್ಲೇ ವಿಡಿಯೋ ಮಾಡಿ ಕಳಿಸಿ" ಎಂದ. ಮೇಕಪ್ಪು ಬೇಡ, ಅಡುಗೆ ಮನೆಯಲ್ಲೇ ನಿಂತು ಮಾತಾಡಿ, ಸಹಜವಾಗಿರಲಿ ಎಂದೂ ಹೇಳಿದ. ನನಗೆ ಸಂತೋಷವೇ ಆಯಿತು. ನಾಲ್ಕು ಜನ ಹೆಣ್ಣುಮಕ್ಕಳಿಗೆ ಉಪಕಾರವಾಗುವುದಾದರೆ ಎರಡು ಮಾತು ಯಾವ ಲೆಕ್ಕ? ಸೊಸೆಯ ಕೈಗೆ ಮೊಬೈಲು ಕೊಟ್ಟು, ಒಲೆಯ ಮುಂದೆ ನಿಂತು, ನಮ್ಮ ಕಲಬುರಗಿ ಮಾತಿನಲ್ಲೇ ಹೇಳಿದೆ. ಅದಕ್ಕೆ ನನಗೆ ಬಂದ ಸಂಭಾವನೆ ಒಂದು ಪಾಕೀಟು ಶೇಂಗಾ ಹಿಂಡಿ.

ನಾನು ಹೇಳಿದ್ದು ಇಷ್ಟು: "ಈ ರೊಟ್ಟಿ ತಿನ್ನಲಕತ್ತಿದ ಮ್ಯಾಲ ನಮ್ಮ ಮನಿಯವರ ಸಕ್ರಿ ಊರು ಬಿಟ್ಟು ಓಡಿ ಹೋಗ್ಯದ ನೋಡ್ರಿ!" ಹೇಳಿ ನಾನೇ ಜೋರಾಗಿ ನಕ್ಕೆ. ಅಷ್ಟರಲ್ಲಿ ಒಳಗಿನಿಂದ ಅವರ ಧ್ವನಿ: "ಏ, ನನ್ನ ಗುಳಗಿ ಎಲ್ಲಿಟ್ಟಿ?" ಸೊಸೆಯೂ ನಕ್ಕಳು, ಮೊಬೈಲು ಅಲುಗಾಡಿತು. ಆಮೇಲೆ ಮುಂದುವರಿಸಿದೆ: "ಗೋಧಿ ಚಪಾತಿ ತಿಂದ್ರ ನನಗ ಹೊಟ್ಟಿ ಭಾರ ಆಗ್ತದ, ಇದು ಹಗುರ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅಂತೂ ಎಳ್ಳ ಅಮಾಸಿ ನೆನಪು ತರ್ತದ. ಶೇಂಗಾ ಹಿಂಡಿಗೆ ಈ ಸಲ ಉಪ್ಪು ಒಂಚೂರು ಹೆಚ್ಚಾಗ್ಯದ, ಅಷ್ಟೇ."

ನನ್ನ ತಂಗಿಯ ಮಗಳು ಕಳಿಸಿದ ವಿಡಿಯೋದಲ್ಲಿ ಮುಖ ನನ್ನದೇ, ಒಲೆ ನನ್ನದೇ, ಕೈಯಲ್ಲಿನ ರೊಟ್ಟಿಯೂ ಅದೇ. ಧ್ವನಿ ಮಾತ್ರ ಇನ್ನಾರದೋ ಹೆಣ್ಣುಮಗಳದು, ಇಂಗ್ಲಿಷಿನಲ್ಲಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿದವಳು ನಾನು, ಅದರ ಒಂದೊಂದು ಪದವೂ ನನಗೆ ತಿಳಿಯಿತು. ಕನ್ನಡಕ್ಕೆ ತಂದರೆ ಅದು ಹೀಗಾಗುತ್ತದೆ: ನನ್ನ ಗಂಡನ ಮಧುಮೇಹ ವಾಸಿಯಾಯಿತು, ಇದರಲ್ಲಿ ಗ್ಲುಟನ್ ಎಂಬುದು ಇಲ್ಲವೇ ಇಲ್ಲ, ಸಾವಿರಾರು ವರ್ಷಗಳ ಪುರಾತನ ಧಾನ್ಯ ನನ್ನ ಮನೆಯನ್ನು ಕಾಪಾಡಿತು. ನನ್ನ ನಗೆಯ ಜಾಗದಲ್ಲಿ ಕೊಳಲಿನ ಸಂಗೀತ. ಗುಳಿಗೆ ಕೇಳಿದ ಯಜಮಾನರನ್ನು ಕತ್ತರಿಸಿ ಎಸೆದಿದ್ದರು. ಉಪ್ಪು ಹೆಚ್ಚಾದದ್ದೂ ಇಲ್ಲ, ಎಳ್ಳೂ ಇಲ್ಲ, ಅಮಾವಾಸ್ಯೆಯೂ ಇಲ್ಲ.

ಮಾರನೆಯ ದಿನ ಆ ಹುಡುಗನಿಗೆ ಫೋನು ಮಾಡಿದೆ. ಅವನು ಒರಟನಲ್ಲ, ಸಮಾಧಾನದಿಂದಲೇ ಉತ್ತರ ಕೊಟ್ಟ. "ಆಂಟಿ, ಬೇರೆ ದೇಶದವರಿಗೆ ನಿಮ್ಮ ಮಾತು ಇದ್ದಂಗ ಇಟ್ಟರೆ ತಿಳಿಯೋದಿಲ್ಲ. ಅವರಿಗೆ ತಕ್ಕಂಗ ಹೊಂದಿಸಬೇಕಾಗ್ತದೆ. ಎಲ್ಲರೂ ಹಿಂಗೇ ಮಾಡ್ತಾರೆ."

ಈ 'ಹೊಂದಿಸುವುದು' ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ಇದರ ಬೇರು ಎಲ್ಲಿದೆ ನೋಡಿ. ಮೊದಲು ಸೋಪು ಮಾರಲು ಸಿನಿಮಾ ತಾರೆಯರು ಬರುತ್ತಿದ್ದರು. ವಾರಪತ್ರಿಕೆಯ ಮೂಲೆಯಲ್ಲಿ ಅಪರೂಪಕ್ಕೆ ಯಾರೋ ಗೃಹಿಣಿಯ ಮೆಚ್ಚಿಕೆಯ ಪತ್ರ ಅಚ್ಚಾಗುತ್ತಿತ್ತು. ಈಗ ಆ ಮೂಲೆಯೇ ಇಡೀ ಪುಟವಾಗಿದೆ. ಕೊಂಡವರ ಫೋಟೋ, ಕೊಂಡವರ ವಿಡಿಯೋ, ಕೊಂಡವರ ಎರಡು ಮಾತು ಇವೇ ಜಾಹೀರಾತು. ತಾರೆ ಹಣಕ್ಕಾಗಿ ಹೇಳುತ್ತಾಳೆಂದು ಎಲ್ಲರಿಗೂ ಗೊತ್ತು. ಮುಖಕ್ಕೆ ಪೌಡರು ಹಾಕದೆ, ನೈಟಿಯ ಮೇಲೊಂದು ಟವೆಲು ಹೊದ್ದು, ಒಲೆಯ ಮುಂದೆ ನಿಂತ ಹೆಂಗಸು ಯಾಕೆ ಸುಳ್ಳು ಹೇಳಿಯಾಳು ಎಂದು ನೋಡುವವರು ನಂಬುತ್ತಾರೆ. ವ್ಯಾಪಾರಿಗೆ ಬೇಕಾದದ್ದು ಆ ನಂಬಿಕೆ. ರೊಟ್ಟಿ ಸಂಘದ್ದು, ಹಣ ಸಂಸ್ಥೆಯದು, ನಂಬಿಕೆ ಮಾತ್ರ ನನ್ನದು. ಅದರ ಬೆಲೆ ಒಂದು ಪಾಕೀಟು ಹಿಂಡಿ!

ಆದರೆ ನಾನು ಆಡಿದ ಮಾತೂ ಸತ್ಯವಾಗಿರಲಿಲ್ಲವಲ್ಲ, ಸಕ್ಕರೆ ಓಡಿಹೋಗಿದೆ ಎಂದವಳು ನೀನೇ ಅಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ನಾನೂ ನನ್ನನ್ನು ಅದನ್ನೇ ಕೇಳಿಕೊಂಡೆ.

ನಮ್ಮ ಕಡೆ ಮಾತೇ ಹಾಗೆ. ಜಾತ್ರೆಯಲ್ಲಿ ಐವತ್ತು ಜನ ಕಂಡರೆ ಊರಿಗೆ ಊರೇ ಬಂದಿತ್ತು ಅನ್ನುತ್ತೇವೆ. ಖಾರ ಹೆಚ್ಚಾದರೆ ಜೀವ ಹೋಯ್ತು ಅನ್ನುತ್ತೇವೆ. ಕೇಳಿದವರು ಯಾರೂ ಹೆಣ ಎತ್ತಲು ಬರುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಕೇಳುವವರ ಕಿವಿಯಲ್ಲಿ ಒಂದು ಸಾಣಿಗಿ ಇದೆ. ಹಿಟ್ಟು ಸಾಣಿಸುವ ಆ ಜರಡಿಯ ಹಾಗೆಯೇ, ಮಾತು ಅದರಲ್ಲಿ ಬಿದ್ದು, ತೌಡು ಮೇಲೆ ಉಳಿದು, ಹಿಟ್ಟು ಕೆಳಗೆ ಇಳಿಯುತ್ತದೆ. ನನ್ನ ಮಾತು ಕೇಳಿದ ನೆರೆಮನೆಯವರಿಗೆ ರೊಟ್ಟಿ ಚಲೋ ಇದೆ, ಈಕೆ ಚೇಷ್ಟೆ ಮಾಡುತ್ತಿದ್ದಾಳೆ, ಆತ ಗುಳಿಗೆ ನುಂಗುತ್ತಿದ್ದಾನೆ ಎಂಬ ಮೂರೂ ಸಂಗತಿ ಒಟ್ಟಿಗೇ ತಿಳಿಯುತ್ತವೆ.

ಮಾತು ಸಮುದ್ರ ದಾಟುವಾಗ ಆ ಸಾಣಿಗಿ ಇಲ್ಲೇ ಉಳಿಯುತ್ತದೆ. ಅಲ್ಲಿ ಕೂತು ನೋಡುವವಳಿಗೆ ನನ್ನ ನಗೆಯ ಅರ್ಥ ಗೊತ್ತಿಲ್ಲ, ನನ್ನ ಗಂಡನ ಡಬ್ಬಿ ಗೊತ್ತಿಲ್ಲ. ಆದ್ದರಿಂದ ಮಾತನ್ನು ಬೇರೆ ದೇಶಕ್ಕೆ ಹೊಂದಿಸುವವರ ಮೊದಲ ಕೆಲಸ, ಮಾತಿನ ಜೊತೆ ಸಾಣಿಗಿಯನ್ನೂ ಕಳಿಸುವುದು. "ಇದು ಚೇಷ್ಟೆಯ ಮಾತು, ಈಕೆಯ ಯಜಮಾನರು ಔಷಧ ತೆಗೆದುಕೊಳ್ಳುತ್ತಿದ್ದಾರೆ" ಎಂದು ಒಂದು ಸಾಲು ಸೇರಿಸುವುದು, ಅಥವಾ ಆ ಮಾತನ್ನೇ ಬಿಡುವುದು. ಇವರು ಮಾಡಿದ್ದು ತದ್ವಿರುದ್ಧ. ಹಿಟ್ಟು ಚೆಲ್ಲಿ ತೌಡನ್ನು ಕಟ್ಟಿ ಕಳಿಸಿದರು. ಗುಳಿಗೆ ಕೇಳಿದ ಧ್ವನಿಯನ್ನು ತೆಗೆದ ಕೈಗೆ ಆ ಧ್ವನಿಯ ಅರ್ಥ ಗೊತ್ತಿತ್ತು. ಗೊತ್ತಿದ್ದಕ್ಕೇ ತೆಗೆದದ್ದು. ಇದನ್ನು ಅನುವಾದದ ತಪ್ಪು ಎಂದು ನಾನು ಒಪ್ಪುವುದಿಲ್ಲ.

ರೊಟ್ಟಿ ಮಾಡಿದವರಿಗೆ ಇದು ಗೊತ್ತೇ ಎಂದು ತಿಳಿಯಲು ಮುಂದಿನ ವಾರ ಕಮಲಾಪುರಕ್ಕೆ ಹೋದೆ. ಕಲಬುರಗಿಯಿಂದ ಹುಮನಾಬಾದ ದಾರಿಯಲ್ಲಿ ಒಂದು ತಾಸಿನ ಬಸ್ಸು. ಆ ಊರಿನ ಕೆಂಪು ಬಾಳೆಯ ಹೆಸರು ನೀವು ಕೇಳಿರುತ್ತೀರಿ. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ನಮ್ಮ ತೊಗರಿಬೇಳೆಗೂ 2019ರಲ್ಲಿ ಆ ಗುರುತು ಸಿಕ್ಕಿದೆ. ಈ ಗುರುತು ಎಂದರೆ ಬೇರೇನಲ್ಲ: ಇಂಥ ಮಣ್ಣಿನ ಮಾಲಿಗೆ ಮಾತ್ರ ಇಂಥ ಹೆಸರು, ಬೇರೆಯವರು ಅದನ್ನು ಹಚ್ಚಿಕೊಳ್ಳುವಂತಿಲ್ಲ ಎಂಬ ಕಾನೂನು. ಹಣ್ಣಿನ ಹೆಸರಿಗೆ ಇಷ್ಟು ಕಾವಲಿದೆ. ಹೆಣ್ಣಿನ ಮಾತಿಗೆ ಎಷ್ಟಿದೆ ಎಂದು ಬಸ್ಸಿನಲ್ಲಿ ಯೋಚಿಸುತ್ತ ಹೋದೆ.

ಸಂಘದ ಮನೆಯಲ್ಲಿ ಎಂಟು ಜನ ಕೂತು ರೊಟ್ಟಿ ಬಡಿಯುತ್ತಿದ್ದರು. ಕುದಿನೀರು ಹಾಕಿ ಹಿಟ್ಟು ನಾದುವವರು ಇಬ್ಬರು, ಹಂಚಿನ ಮುಂದೆ ಇಬ್ಬರು, ಸುಟ್ಟ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ ಕಟಕು ಮಾಡುವ ಒಬ್ಬಳು ಹುಡುಗಿ. ನಾನು ಮೊಬೈಲು ತೋರಿಸಿದೆ. ಅವರಲ್ಲಿ ಹಿರಿಯಳೊಬ್ಬಳ ಚಿತ್ರವೂ ಅದೇ ಸರಣಿಯಲ್ಲಿತ್ತು. ಸೆರಗು ಹೊದ್ದು ಹೊಗೆಯ ನಡುವೆ ಕೂತಿದ್ದಾಳೆ. ಕೆಳಗಿನ ಇಂಗ್ಲಿಷ್ ಸಾಲುಗಳು ಅವಳನ್ನು ನೂರಾರು ವರ್ಷಗಳ ಗುಟ್ಟಿನ ಪಾಕವನ್ನು ಕಾಪಾಡಿಕೊಂಡು ಬಂದ ಬುಡಕಟ್ಟಿನ ಅಜ್ಜಿ ಎಂದು ಕರೆದಿದ್ದವು. ಓದಿ ಹೇಳಿದೆ. ಏಳನೆಯ ಇಯತ್ತೆ ಓದಿ, ಸಂಘದ ಬ್ಯಾಂಕಿನ ಲೆಕ್ಕವನ್ನೆಲ್ಲ ತಾನೇ ಬರೆಯುವ ಆಕೆ ಕೈಯಲ್ಲಿನ ಹಿಟ್ಟು ಬಿಡದೆ ಹೇಳಿದಳು: "ನಾ ಎಂದ್ ಗುಟ್ಟು ಮಾಡೀನ್ರಿ ಅಕ್ಕೋರೆ? ಕೇಳಿದವರಿಗೆಲ್ಲ ಕಲಿಸೀನಿ. ಹೊಗಿ ಅವತ್ತು ಕಟಗಿ ಹಸಿ ಇತ್ತು, ಅದಕ್ಕ."

ಎಲ್ಲರೂ ನಕ್ಕರು. ಆದರೆ ಗ್ಲುಟನ್ ಎಂಬ ಮಾತಿಗೆ ಬಂದಾಗ ಯಾರೂ ನಗಲಿಲ್ಲ. ಅದೇನೆಂದು ನಾನು ವಿವರಿಸಬೇಕಾಯಿತು. ಗೋಧಿಯ ಹಿಟ್ಟಿಗೆ ಜಿಗುಟು ಕೊಡುವ ಸತ್ವ ಅದು. ಜೋಳದಲ್ಲಿ ಅದಿಲ್ಲ, ಅದಕ್ಕೇ ಜೋಳದ ರೊಟ್ಟಿಯನ್ನು ಲಟ್ಟಿಸಲು ಬಾರದೆ ಬಡಿಯುತ್ತೇವೆ. ಸೀಲಿಯಾಕ್ ಎಂಬ ಕಾಯಿಲೆ ಇದ್ದವರಿಗೆ ಗ್ಲುಟನ್ ತುಸು ಹೊಟ್ಟೆಗೆ ಹೋದರೂ ಅವರ ದೇಹವೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಇಷ್ಟು ಹೇಳಿದಾಗ ಕಟಕು ಮಾಡುತ್ತಿದ್ದ ಹುಡುಗಿ ಮೆಲ್ಲಗೆ ಅಂದಳು: "ಆದ್ರ ಅಕ್ಕೋರೆ, ನಮ್ಮ ಗಿರಣ್ಯಾಗ ಗೋಧಿನೂ ಬೀಸ್ತಾರಲ್ರಿ. ಗೋಧಿ ಬೀಸಿದ ಮ್ಯಾಲ ನಮ್ಮ ಜೋಳ ಹಾಕಿದ್ರ ಮೊದಲಿನ ಮುಟಗಿ ಹಿಟ್ಟು ಕೂಡೇ ಕೂಡ್ತದ."

ಆ ಹುಡುಗಿ ಒಂದು ಕ್ಷಣದಲ್ಲಿ ಕಂಡದ್ದನ್ನು ಆ ಸಂಸ್ಥೆ ಕಾಣಲಿಲ್ಲ, ಯಾಕೆಂದರೆ ಕೇಳಲೇ ಇಲ್ಲ. ಅಮೆರಿಕದಲ್ಲಿ 2013ರ ನಿಯಮದ ಪ್ರಕಾರ ಗ್ಲುಟನ್ ಇಲ್ಲ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ ಅದು 20 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಗಡಿಯೂ 20 ಮಿಲಿಗ್ರಾಮೇ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಗ್ಲುಟನ್ ಇರುತ್ತದೆ. ಲೆಕ್ಕ ಹಾಕಿ: ಒಂದು ಕಿಲೋ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು, ಅಂದರೆ ಒಂದು ಚಿಟಿಕೆ ಕೂಡಿದರೂ ಗಡಿ ದಾಟಿತು. ಮುಟಗಿಯ ಮಾತೇ ಬೇಡ. "ನನಗೆ ಇದು ಹಗುರ" ಎಂಬ ನನ್ನ ಹೊಟ್ಟೆಯ ಮಾತನ್ನು ಹಿಗ್ಗಿಸಿ, ಪರೀಕ್ಷೆಯನ್ನೇ ಮಾಡಿಸದೆ, ಕಾಯಿಲೆಯವರಿಗೆ ಭರವಸೆ ಕೊಟ್ಟುಬಿಟ್ಟಿದ್ದರು.

ಇನ್ನು ಎಳ್ಳಿನ ಮಾತು. ಎಳ್ಳ ಅಮಾವಾಸ್ಯೆ ಅಲ್ಲಿಯವರಿಗೆ ತಿಳಿಯದೆಂದು ಆ ಸಾಲನ್ನೇ ತೆಗೆದರಂತೆ. ಎಳ್ಳು ಕೆಲವರ ದೇಹಕ್ಕೆ ಒಗ್ಗದೆ ಉಸಿರು ಕಟ್ಟಿಸುವ ವಸ್ತು. ಅಮೆರಿಕ 2021ರಲ್ಲಿ ಕಾನೂನು ಮಾಡಿ, 2023ರ ಜನವರಿ 1ರಿಂದ ಪೊಟ್ಟಣದ ಮೇಲೆ ಕಡ್ಡಾಯವಾಗಿ ಹೇಳಬೇಕಾದ ವಸ್ತುಗಳಲ್ಲಿ ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿತು. ಶೇಂಗಾ ಮೊದಲಿನಿಂದಲೂ ಆ ಪಟ್ಟಿಯಲ್ಲಿದೆ. ಈ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಎರಡೂ ಇದ್ದವು, ಸುಳ್ಳು ಹೇಳಬಾರದು. ಆದರೆ ನನ್ನ ಇಡೀ ಮಾತಿನಲ್ಲಿ ಅಲ್ಲಿಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಪದ ಎಳ್ಳು. ಇವರಿಗೆ ಬೇಡವೆನಿಸಿದ್ದೂ ಅದೇ ಪದ.

ನಾನು ದೂರುತ್ತಿರುವ ಈ ವಹಿವಾಟಿಗೂ ನಮ್ಮ ಜಿಲ್ಲಾಡಳಿತ ಬೆಳೆಸಿದ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡಿಗೂ ಸಂಬಂಧವಿಲ್ಲ. 2025ರ ಜೂನ್ ತಿಂಗಳಲ್ಲಿ ಪ್ರಧಾನಿಯವರು ತಮ್ಮ 'ಮನ್ ಕಿ ಬಾತ್' ರೇಡಿಯೋ ಭಾಷಣದಲ್ಲಿ ಕಲಬುರಗಿಯ ಹೆಣ್ಣುಮಕ್ಕಳ ಜೋಳದ ರೊಟ್ಟಿಯನ್ನು ಹೆಸರಿಸಿದಾಗ ನಾನೂ ಹಿಗ್ಗಿದವಳೇ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಬಡವರ ಊಟವಾಗಿದ್ದ ಜೋಳ, ಸಜ್ಜೆ ಹೊರದೇಶದ ಅಂಗಡಿಗೆ ಹೊರಟಿವೆ. ಹೋಗಲಿ, ಚೆನ್ನಾಗಿ ಹೋಗಲಿ. ಅದಕ್ಕೇ ಈ ಮಾತು ಈಗ ಆಡಬೇಕಾಗಿದೆ. ಒಮ್ಮೆ ಹೆಸರು ಕೆಟ್ಟರೆ ಕೆಡುವುದು ಒಂದು ಸಂಸ್ಥೆಯ ಹೆಸರಲ್ಲ, ರೊಟ್ಟಿಯ ಹೆಸರು.

"ಎಲ್ಲರೂ ಹಿಂಗೇ ಮಾಡ್ತಾರೆ" ಎಂದನಲ್ಲ ಆ ಹುಡುಗ, ಮಾಡಿದವರಿಗೆ ಏನಾಯಿತು ಎಂಬುದಕ್ಕೆ ನಮ್ಮೆಲ್ಲರ ಮನೆಯ ಡಬ್ಬಿಯೊಂದರ ಕಥೆ ಇದೆ. ಹಾರ್ಲಿಕ್ಸ್ ಇಂಗ್ಲೆಂಡಿನಲ್ಲಿ ಹಿರಿಯರು ರಾತ್ರಿ ಮಲಗುವ ಮುಂಚೆ ಕುಡಿಯುವ ಬಿಸಿ ಪೇಯವೆಂದು ಹೆಸರಾದದ್ದು. ನಮ್ಮ ಉಪಖಂಡದಲ್ಲಿ ಅದೇ ಡಬ್ಬಿ ಮಕ್ಕಳನ್ನು ಎತ್ತರ, ಗಟ್ಟಿ, ಚುರುಕು ಮಾಡುವ ಪೇಯವಾಯಿತು. ಬಾಂಗ್ಲಾದೇಶಕ್ಕೆಂದು ಮಾಡಿದ ಆ ಬಗೆಯ ಜಾಹೀರಾತು 2008ರಲ್ಲಿ ಇಂಗ್ಲೆಂಡಿನಲ್ಲಿ ಕಾಣುವ ನೇಪಾಳಿ ವಾಹಿನಿಯೊಂದರಲ್ಲಿ ಬಂದುಬಿಟ್ಟಿತು. ಇದು ಇಲ್ಲಿಗಾಗಿ ಮಾಡಿದ್ದಲ್ಲ ಎಂದು ಕಂಪನಿ ಹೇಳಿತು. ಆದರೆ ಅಲ್ಲಿಯ ಜಾಹೀರಾತು ಮಾನದಂಡ ಸಂಸ್ಥೆ ಅದು ತಪ್ಪು ದಾರಿ ಹಿಡಿಸುತ್ತದೆಂದು ತಡೆಯಿತು. ಒಂದೇ ಡಬ್ಬಿ. ಒಂದು ದೇಶದ ತಾಯಂದಿರಿಗೆ ಹೇಳಬಾರದೆಂದು ತಡೆದ ಮಾತನ್ನು ಇನ್ನೊಂದು ದೇಶದ ತಾಯಂದಿರಿಗೆ ಹೇಳುತ್ತಿದ್ದರು. ಆಗ ಕೇಳಿಸಿಕೊಂಡವರು ನಾವು. ಈಗ ನಮ್ಮ ಬಾಯಿಂದ ಅದನ್ನೇ ಬೇರೆಯವರಿಗೆ ಹೇಳಿಸುತ್ತಿದ್ದಾರೆ. ಮೋಸ ಹೋಗುವವರು ಬಿಳಿಯರಾದರೆ ಅದು ಮೋಸವಲ್ಲವೇ?

ಕಾನೂನಿಗೂ ಇದರ ಗುರುತಿದೆ. ನಮ್ಮಲ್ಲಿ ಆಹಾರದ ಜಾಹೀರಾತಿನ 2018ರ ನಿಯಮಗಳು ಯಾವ ತಿನಿಸೂ ಕಾಯಿಲೆ ವಾಸಿಮಾಡುತ್ತದೆ ಎಂದು ಹೇಳಬಾರದು ಎನ್ನುತ್ತವೆ. 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅಮೆರಿಕದ ವ್ಯಾಪಾರ ಆಯೋಗದ ಸೂತ್ರ ನನಗೆ ಬಹಳ ಹಿಡಿಸಿತು: ತಾನೇ ರುಜುವಾತು ಮಾಡಲಾಗದ ಮಾತನ್ನು ಮಾರುವವನು ಗಿರಾಕಿಯ ಬಾಯಿಂದಲೂ ಹೇಳಿಸುವಂತಿಲ್ಲ. ಕೊಂಡವರ ಹೆಸರಿನಲ್ಲಿ ಸುಳ್ಳು ಮೆಚ್ಚಿಕೆ ಹುಟ್ಟಿಸುವುದನ್ನು ಅದೇ ಆಯೋಗ 2024ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಲ್ಲಿ ನಿಷೇಧಿಸಿದೆ. ನನ್ನ ಮುಖವಿಟ್ಟು ಬೇರೆಯವರ ಧ್ವನಿಯಲ್ಲಿ ನಾನು ಹೇಳದ್ದನ್ನು ಹೇಳಿಸಿದ್ದು ಮೆಚ್ಚಿಕೆಯೋ ಸುಳ್ಳೋ, ನೀವೇ ಹೇಳಿ.

ಹಾಗಾದರೆ ಏನನ್ನೂ ಬದಲಿಸಬಾರದೇ? ಹಾಗೆ ಹೇಳಿದರೆ ನಾನು ಮೂಢಳಾದೇನು. ಬದಲಿಸಬೇಕು. ಬದಲಿಸದೆ ಕಳಿಸುವುದೂ ಒಂದು ಅಸಡ್ಡೆ. ಜೋಳಕ್ಕೆ ಇಂಗ್ಲಿಷಿನ ಸಾರ್ಗಮ್ ಎಂಬ ಪದವನ್ನಷ್ಟೇ ಇಟ್ಟರೆ ಅಮೆರಿಕದವರಿಗೆ ದನದ ಮೇವು, ಇಲ್ಲವೇ ದಕ್ಷಿಣದ ಸೀಮೆಗಳ ಸಿಹಿ ಪಾಕ ನೆನಪಾಗುತ್ತದೆ. ಅಲ್ಲಿ ಇದರ ರೊಟ್ಟಿ ತಿನ್ನುವ ಜನರಿದ್ದಾರೆ, ಹೀಗೆ ತಿನ್ನುತ್ತಾರೆ ಎಂದು ತೋರಿಸಬೇಕು. ಗಲ್ಫಿನ ಊರುಗಳಲ್ಲಿ ದುಡಿಯುವ ಸುಡಾನಿನವರಿಗೆ ಹಾಗೆ ಹೇಳುವುದೇ ಬೇಡ. ಅವರು ಜೋಳವನ್ನು ದುರಾ ಎನ್ನುತ್ತಾರೆ, ಅದರ ಹಿಟ್ಟು ಹುಳಿಸಿ ಕಿಸ್ರಾ ಎಂಬ ತೆಳು ರೊಟ್ಟಿ ಮಾಡುತ್ತಾರೆ. ಅವರಿಗೆ "ನಿಮ್ಮ ಧಾನ್ಯವೇ, ನಮ್ಮ ಕೈ ಬೇರೆ" ಎಂದರೆ ಸಾಕು. ದಿನಾಂಕ ನೋಡಿ: ನಾವು 05-06 ಎಂದು ಬರೆದರೆ ಜೂನ್ ಐದು, ಅಮೆರಿಕದವರಿಗೆ ಅದು ಮೇ ಆರು. ತಿಂಗಳನ್ನು ಅಕ್ಷರದಲ್ಲಿ ಬರೆಯಬೇಕು. "ಖಾರ ಹದವಾಗಿದೆ" ಎಂಬ ನಮ್ಮ ಹದ ಅವರ ಕಣ್ಣೀರು. ಊರಿನ ಹೆಸರು 2014ರಲ್ಲಿ ಕಲಬುರಗಿ ಆಯಿತು, ಆದರೆ ಅದಕ್ಕಿಂತ ಮೊದಲೇ ಊರು ಬಿಟ್ಟವರ ನಾಲಗೆಯಲ್ಲಿ ಗುಲ್ಬರ್ಗಾ ಇದೆ, ಅವರಿಗೆ ಎರಡೂ ಬರೆಯಬೇಕು. ಎಳ್ಳ ಅಮಾವಾಸ್ಯೆಯನ್ನು ತೆಗೆಯುವ ಬದಲು, ಹೊಲಕ್ಕೆ ಬುತ್ತಿ ಒಯ್ದು ಭೂಮಿಗೆ ಚರಗ ಚೆಲ್ಲಿ ಉಣ್ಣುವ ಹಬ್ಬ ಎಂದು ಒಂದು ಸಾಲು ಬರೆದರೆ ಹಬ್ಬವೂ ಉಳಿಯಿತು, ಎಳ್ಳೂ ಉಳಿಯಿತು. ಇದು ಹೊಂದಿಸುವುದು. ಕೇಳುವವರಿಗೆ ತಿಳಿಯಲೆಂದು ಮಾಡಿದ ಬದಲಾವಣೆ ಇದು. ಕೇಳುವವರಿಗೆ ತಿಳಿಯದಿರಲೆಂದು ಮಾಡಿದ್ದಕ್ಕೆ ಬೇರೆ ಹೆಸರಿದೆ.

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರ ಕೊಡುವುದು ಕಷ್ಟವಾಯಿತು. ನಮ್ಮ ಓಣಿಯ ಗೆಳತಿಯೊಬ್ಬಳು ಕೇಳಿದಳು: "ನಿಮ್ಮ ಸತ್ಯದ ಹಟದಾಗ ಆ ಬಡ ಹೆಣ್ಮಕ್ಕಳ ವ್ಯಾಪಾರಕ್ಕ ಕಲ್ಲು ಹಾಕ್ತೀರೇನು? ಸ್ವಲ್ಪ ಹೆಚ್ಚಿಗಿ ಹೇಳಿದ್ರ ನಾಕು ರೊಟ್ಟಿ ಹೆಚ್ಚಿಗಿ ಹೋಗ್ತಾವ." ನಾನು ಎರಡು ದಿನ ಸುಮ್ಮನಿದ್ದೆ. ಆಮೇಲೆ ಲೆಕ್ಕ ತಿಳಿಯಿತು. ಅಲ್ಲಿ ಯಾರಿಗಾದರೂ ಏನಾದರೂ ಆಗಿ ಮಾಲು ವಾಪಸು ಬಂದರೆ ಆ ಸಂಸ್ಥೆ ಮರುದಿನ ಬೇರೊಂದು ಊರಿನ ಬೇರೊಂದು ಮಾಲು ಹಿಡಿಯುತ್ತದೆ. ಕಮಲಾಪುರದ ಎಂಟು ಹೆಣ್ಣುಮಕ್ಕಳು ಬ್ಯಾಂಕಿನ ಸಾಲದ ಮುಂದೆ ಕೂರುತ್ತಾರೆ. ಹೆಚ್ಚಿನ ನಾಲ್ಕು ರೊಟ್ಟಿಯ ಲಾಭ ಹಂಚಿಕೊಳ್ಳುವಾಗ ಪಾಲುದಾರರು ಅನೇಕರು. ಸುಳ್ಳಿನ ಬಿಲ್ಲು ಬಂದಾಗ ಮನೆ ವಿಳಾಸ ಇರುವುದು ರೊಟ್ಟಿ ಬಡಿದವರದು ಮಾತ್ರ. ಬಡವರ ಹೆಸರಿನಲ್ಲಿ ಸುಳ್ಳು ಹೇಳುವವರು ಬಡವರಿಗೆ ಆ ಸುಳ್ಳಿನ ಜಾಮೀನು ಬರೆಸುತ್ತಾರೆ.

ಕೊನೆಗೆ ಏನಾಯಿತು ಎಂದು ಕೇಳುತ್ತೀರಿ. ನಾನು ಪತ್ರ ಬರೆದೆ. ಮೂರು ವಾರದ ಮೇಲೆ ನನ್ನ ವಿಡಿಯೋ ತೆಗೆದಿದ್ದೇವೆ ಎಂದು ಒಂದು ಸಾಲಿನ ಉತ್ತರ ಬಂತು. ತಪ್ಪಾಯಿತು ಎಂಬ ಮಾತಿರಲಿಲ್ಲ. ಬೇರೆಯವರ ವಿಡಿಯೋಗಳು ಇನ್ನೂ ಇವೆ ಎಂದು ತಂಗಿಯ ಮಗಳು ಹೇಳುತ್ತಾಳೆ. ನನ್ನ ಮಾತು ನೋಡಿ ಯಾರಾದರೂ ಗುಳಿಗೆ ನಿಲ್ಲಿಸಿದರೋ ಇಲ್ಲವೋ ನನಗೆ ಎಂದೂ ಗೊತ್ತಾಗುವುದಿಲ್ಲ. ಜೋಳದಲ್ಲೂ ನಾಲ್ಕರಲ್ಲಿ ಸುಮಾರು ಮೂರು ಪಾಲು ಪಿಷ್ಟವೇ. ನಾರಿನಂಶ ಚೆನ್ನಾಗಿದೆ, ಊಟಕ್ಕೆ ಒಳ್ಳೆಯದು, ಆದರೆ ಅದು ಔಷಧವಲ್ಲ. ಈ ಮಾತನ್ನು ಇಲ್ಲಿ ಅಚ್ಚಿನಲ್ಲಿ ಹೇಳುವುದೊಂದೇ ನನಗೆ ಉಳಿದ ಪ್ರಾಯಶ್ಚಿತ್ತ.

ಕಮಲಾಪುರದ ಸಂಘ ಮಾತ್ರ ಸುಮ್ಮನೆ ಕೂರಲಿಲ್ಲ. ಲೆಕ್ಕ ಬರೆಯುವ ಆ ಹಿರಿಯಳು ತನ್ನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನನ್ನಿಂದ ನಾಲ್ಕು ಷರತ್ತು ಬರೆಸಿಕೊಂಡಳು. ನಮ್ಮ ಚಿತ್ರ, ನಮ್ಮ ಮಾತು, ನಮ್ಮ ಗಿರಾಕಿಗಳ ಮಾತು ಯಾವ ದೇಶಕ್ಕೆ ಹೋಗುತ್ತದೆ ಎಂದು ಮೊದಲೇ ಹೇಳಬೇಕು. ಬದಲಿಸಿದ ಮೇಲೆ ನಮ್ಮ ಭಾಷೆಯಲ್ಲಿ ಓದಿ ತೋರಿಸಬೇಕು. ಕಾಯಿಲೆಯ ಹೆಸರು ಎತ್ತಬಾರದು. ಬೇಡವೆಂದಾಗ ತೆಗೆಯಬೇಕು. "ಐದನೇದು ಒಂದ್ ಬರೀರಿ ಅಕ್ಕೋರೆ" ಎಂದಳು. "ಏನು?" ಎಂದೆ. "ಹಿಂಡಿ ಪಾಕೀಟು ಕೊಟ್ಟು ಮಾತು ತಗೋಬಾರದು. ರೊಕ್ಕ ಕೊಡಬೇಕು, ಇಲ್ಲ ಪುಕ್ಕಟೆ ಅಂತ ಹೇಳಿ ಕೇಳಬೇಕು." ಬರೆದೆ. ಸಂಸ್ಥೆ ಇದಕ್ಕೆ ಸಹಿ ಹಾಕುತ್ತದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿಯೂ ಅನೇಕರಿಗೆ ನಾಳೆ ಇಂಥ ಫೋನು ಬರುತ್ತದೆ. ಸೀರೆ ಉಟ್ಟ ಫೋಟೋ ಕಳಿಸಿ, ಮಗುವಿಗೆ ಹಚ್ಚಿದ ಎಣ್ಣೆಯ ಬಗ್ಗೆ ಎರಡು ಮಾತು ಹೇಳಿ ಎನ್ನುತ್ತಾರೆ. ಕಳಿಸಿ, ತಪ್ಪೇನಿಲ್ಲ. ಆದರೆ ಇದು ಎಲ್ಲಿಗೆ ಹೋಗುತ್ತದೆ, ಅಲ್ಲಿ ನಾನು ಏನು ಹೇಳಿದಂತೆ ಕೇಳಿಸುತ್ತದೆ ಎಂದು ಕೇಳಿ. ಹೇಳದಿದ್ದರೆ ಕಳಿಸಬೇಡಿ.

ಹೋದ ತಿಂಗಳು ಸಂಘದವರಿಗಾಗಿ ಇನ್ನೊಂದು ವಿಡಿಯೋ ಮಾಡಿದೆವು. ಈ ಸಲ ನನ್ನ ಪಕ್ಕದಲ್ಲಿ ಅವರನ್ನೂ ಕೂರಿಸಿದೆ. ರೊಟ್ಟಿ ಮುರಿದು ಬಾಯಿಗಿಟ್ಟು ಅವರು ಅಂದರು: "ಗುಳಗಿ ನುಂಗಿನೇ ತಿನ್ನಲಕತ್ತೀನಿ. ರೊಟ್ಟಿ ಚಲೋ ಅದ. ಹಿಂಡಿಗೆ ಉಪ್ಪು ಈ ಸಲ ಸರಿ ಆಗ್ಯದ."